ಹೆಬ್ಬೆರಳು ನೋಯದ ಹಾಗೆ ಮಾರಿಯೋ ಕಾರ್ಟ್ ಆಡಲು ಬಟನ್‌ಗಳನ್ನು ಹೇಗೆ ಇಟ್ಟುಕೊಳ್ಳಬೇಕು?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ: ಹಾಸನದಲ್ಲಿದ್ದೀರಿ, ನಿಂಟೆಂಡೊದ ಕೈಯಲ್ಲಿ ಹಿಡಿದು ಆಡುವ ಸ್ವಿಚ್ ಲೈಟ್‌ನಲ್ಲಿ ಮಾರಿಯೋ ಕಾರ್ಟ್ 8 ಡಿಲಕ್ಸ್ ಎಂಬ ರೇಸ್ ಆಟ ಆಡುತ್ತೀರಿ, ಎರಡು ಕಪ್, ಅಂದರೆ ಎಂಟು ರೇಸ್, ಮುಗಿಯುವಷ್ಟರಲ್ಲಿ ಬಲಗೈ ಹೆಬ್ಬೆರಳಿನ ಬುಡ ನೋಯುತ್ತದೆ. ಬಟನ್ ಬದಲಾಯಿಸಬೇಕಾ, ಅಭ್ಯಾಸ ಆಗುವವರೆಗೆ ತಡೆದುಕೊಳ್ಳಬೇಕಾ?

ಬದಲಾಯಿಸಿ. ನೋವು ಅಭ್ಯಾಸ ಆಗುವಂಥದ್ದಲ್ಲ.

ನಮ್ಮದು ಚಿಕ್ಕಮಗಳೂರಿನ ಹತ್ತಿರ ಸಣ್ಣ ತೋಟ. ಡಿಸೆಂಬರ್‌ನಲ್ಲಿ ಅರೇಬಿಕಾ ಕೊಯ್ಲು. ಹಣ್ಣು ಬಿಡಿಸುವ ಕೆಲಸವೆಲ್ಲ ಹೆಬ್ಬೆರಳು, ತೋರುಬೆರಳಿನದ್ದೇ. ಸಂಜೆ ಬಚ್ಚಲೊಲೆ ಮುಂದೆ ಕೈ ಕಾಯಿಸಿಕೊಂಡು ಆಟ ಹಿಡಿದು ಕೂತರೆ ಮೊದಲ ರೇಸ್‌ನಲ್ಲೇ ಹೆಬ್ಬೆರಳು ಹಿಡಿದುಕೊಳ್ಳುತ್ತಿತ್ತು. ಆಗಲೇ ಯಾವ ಬೆರಳು ಏನು ಮಾಡುತ್ತಿದೆ ಎಂದು ಕೂತು ನೋಡಿದೆ.

ಆಟ ಕೊಟ್ಟಿರುವ ಜೋಡಣೆಯಲ್ಲಿ ಎ ಒತ್ತಿದರೆ ಗಾಡಿ ಓಡುತ್ತದೆ, ಬಿ ಬ್ರೇಕ್, ಎಕ್ಸ್ ಹಿಂದೆ ನೋಡಲು. ಬಲಗಡೆ ಮೇಲಂಚಿನ ಆರ್ ಅಥವಾ ಝಡ್‌ಆರ್ ಡ್ರಿಫ್ಟ್‌ಗೆ, ಅಂದರೆ ತಿರುವಿನಲ್ಲಿ ಗಾಡಿ ಜಾರಿಸಲು. ಎಡಗಡೆಯ ಎಲ್ ಅಥವಾ ಝಡ್‌ಎಲ್ ಐಟಂ, ಅಂದರೆ ದಾರಿಯಲ್ಲಿ ಸಿಗುವ ವಸ್ತು, ಎಸೆಯಲು. ಉಳಿದ ಬಟನ್‌ಗಳನ್ನು ಬೇಕಾದಾಗ ಮಾತ್ರ ಒತ್ತುತ್ತೇವೆ. ಎ ಮಾತ್ರ ರೇಸ್ ಶುರುವಾದಾಗಿನಿಂದ ಮುಗಿಯುವವರೆಗೆ ಒತ್ತಿಯೇ ಇರಬೇಕು. ಒಂದು ಕಪ್ ಅಂದರೆ ನಾಲ್ಕು ರೇಸ್. ಅಷ್ಟೂ ಹೊತ್ತು ಒಂದೇ ಬೆರಳು, ಅದೂ ಮಡಚಿಕೊಂಡು. ಬೈಕ್‌ನಲ್ಲಿ ಹಾಸನದಿಂದ ಬೇಲೂರಿಗೆ ಬರುವಷ್ಟರಲ್ಲಿ ಆಕ್ಸಿಲರೇಟರ್ ಹಿಡಿದ ಕೈ ಜೋಮು ಹಿಡಿಯುವುದಿಲ್ವಾ, ಹಾಗೇ. ಆದರೆ ಬೈಕ್‌ನಲ್ಲಿ ಹೆಚ್ಚು ತಿರುವಿದರೆ ಹೆಚ್ಚು ವೇಗ. ಇಲ್ಲಿ ಬಟನ್ ಒತ್ತಿದೆಯೋ ಇಲ್ಲವೋ ಅಷ್ಟೇ ಲೆಕ್ಕ. ಗಟ್ಟಿಯಾಗಿ ಅದುಮಿದರೆ ಗಾಡಿ ಜಾಸ್ತಿ ಓಡುವುದಿಲ್ಲ. ಹಿಂದಿನವನು ಹತ್ತಿರ ಬಂದಾಗ ನಾವು ಸುಮ್ನೆ ಅದುಮುತ್ತೇವೆ.

ಮೊದಲು ಸುಲಭದ ದಾರಿ ನೋಡಿ. ಗಾಡಿ ಆರಿಸುವ ಪರದೆಯಲ್ಲಿ ಪ್ಲಸ್ ಬಟನ್ ಒತ್ತಿದರೆ ಆಟೋ ಆಕ್ಸಿಲರೇಟ್ ಸಿಗುತ್ತದೆ. ಆನ್ ಮಾಡಿದರೆ ಗಾಡಿ ತಾನೇ ಓಡುತ್ತದೆ, ಹೆಬ್ಬೆರಳಿಗೆ ಪೂರ್ತಿ ಬಿಡುವು. ನೋವು ಜಾಸ್ತಿ ಇದ್ದರೆ ಇವತ್ತೇ ಇದನ್ನು ಹಾಕಿಕೊಳ್ಳಿ. ಅದರ ಪಕ್ಕದಲ್ಲೇ ಇರುವ ಸ್ಮಾರ್ಟ್ ಸ್ಟೀರಿಂಗ್ ಬೇರೆ ವಿಷಯ. ಅದು ಗಾಡಿ ರಸ್ತೆ ಬಿಟ್ಟು ಬೀಳದ ಹಾಗೆ ಹಿಡಿದು ತಿರುಗಿಸುತ್ತದೆ, ಗಾಡಿ ಹಿಂದೆ ಒಂದು ಆಂಟೆನಾ ಕಾಣುತ್ತದೆ. ನನ್ನ ಅಕ್ಕನ ಮಗಳಿಗೆ ಐದು ವರ್ಷ, ಅವಳಿಗೆ ಎರಡನ್ನೂ ಹಾಕಿ ಕೊಡುತ್ತೇನೆ, ಖುಷಿಯಾಗಿ ಆಡುತ್ತಾಳೆ. ನೀವು ಮಾತ್ರ ಸ್ಮಾರ್ಟ್ ಸ್ಟೀರಿಂಗ್ ಆಫ್ ಮಾಡಿ. ಅದು ಆನ್ ಇದ್ದರೆ ಡ್ರಿಫ್ಟ್ ಮಾಡುವಾಗ ಚಕ್ರದ ಹತ್ತಿರ ಹಾರುವ ಕಿಡಿಗಳಲ್ಲಿ ನೀಲಿ, ಕಿತ್ತಳೆ ಆದಮೇಲೆ ಬರಬೇಕಾದ ಮೂರನೇ ಕಿಡಿ, ಆ ಗುಲಾಬಿ ಬಣ್ಣದ್ದು, ಬರುವುದೇ ಇಲ್ಲ. ಒಳ್ಳೆಯ ವೇಗ ಸಿಗುವುದು ಅದರಲ್ಲೇ.

ಆಟೋ ಆಕ್ಸಿಲರೇಟ್ ನನಗೆ ಹಿಡಿಸಲಿಲ್ಲ. ತಿರುವಿನಲ್ಲಿ ಒಂದು ಕ್ಷಣ ಆಕ್ಸಿಲರೇಟರ್ ಬಿಟ್ಟು ಗಾಡಿ ಹಗುರ ಮಾಡಿಕೊಳ್ಳುವ ಅಭ್ಯಾಸ ನನ್ನದು. ಆಟದ ಅತಿ ವೇಗದ ಹಂತವಾದ 200 ಸಿಸಿಯಲ್ಲಿ ಅದು ಬೇಕೇ ಬೇಕು. ಹಾಗಾಗಿ ಎ ಮತ್ತು ಝಡ್‌ಆರ್ ಅದಲು ಬದಲು ಮಾಡಿಕೊಂಡೆ. ಇದು ಆಟದೊಳಗೆ ಇಲ್ಲ, ಸ್ವಿಚ್‌ನಲ್ಲೇ ಇದೆ. 2020ರ ಏಪ್ರಿಲ್‌ನ ಅಪ್‌ಡೇಟ್‌ನಲ್ಲಿ ಬಂತು. ಸಿಸ್ಟಮ್ ಸೆಟ್ಟಿಂಗ್ಸ್, ಅದರಲ್ಲಿ ಕಂಟ್ರೋಲರ್ಸ್ ಆ್ಯಂಡ್ ಸೆನ್ಸರ್ಸ್, ಅದರೊಳಗೆ ಚೇಂಜ್ ಬಟನ್ ಮ್ಯಾಪಿಂಗ್. ಅಲ್ಲಿ ಎ ಜಾಗಕ್ಕೆ ಝಡ್‌ಆರ್ ಕೊಡಿ, ಝಡ್‌ಆರ್ ಜಾಗಕ್ಕೆ ಎ ಕೊಡಿ.

ಈಗ ಕೈ ನೋಡಿ. ಬಲಗೈ ತೋರುಬೆರಳು ಹಿಂದಿನ ಝಡ್‌ಆರ್ ಮೇಲೆ ಕೂತು ಗಾಡಿ ಓಡಿಸುತ್ತದೆ. ಆ ಬೆರಳು ಹೇಗಿದ್ದರೂ ಅಲ್ಲೇ ಬಾಗಿ ಹಿಡಿದಿರುತ್ತದೆ, ಬೇರೆ ಶ್ರಮ ಇಲ್ಲ. ಹೆಬ್ಬೆರಳು ಎ ಮೇಲೆ ಡ್ರಿಫ್ಟ್ ನೋಡಿಕೊಳ್ಳುತ್ತದೆ. ತಿರುವು ಬಂದಾಗ ಒತ್ತಿ ಹಿಡಿಯಿರಿ, ಕಿಡಿ ಬಣ್ಣ ತಿರುಗಿದ ಮೇಲೆ ಬಿಡಿ. ನೇರ ರಸ್ತೆಯಲ್ಲಿ ಹೆಬ್ಬೆರಳು ಎತ್ತಿ ಆರಾಮಾಗಿ ಇಡಬಹುದು. ಬ್ರೇಕ್ ಪಕ್ಕದಲ್ಲೇ ಇದೆ. ಎಡಗೈ ಹಾಗೇ ಇರಲಿ. ಬಾಳೆಹಣ್ಣಿನ ಸಿಪ್ಪೆಯನ್ನು ಗಾಡಿ ಹಿಂದೆ ಕಾವಲಿಗೆ ಹಿಡಿದುಕೊಳ್ಳಲು ಎಲ್ ಒತ್ತಿಯೇ ಇರಬೇಕಲ್ಲ, ಆಗ ಎಲ್ ಅಥವಾ ಝಡ್‌ಎಲ್, ನಿಮ್ಮ ಬೆರಳು ತಾನಾಗಿ ಎಲ್ಲಿ ಬೀಳುತ್ತದೋ ಅದನ್ನೇ ಬಳಸಿ.

ಒಂದು ಎಚ್ಚರಿಕೆ. ಈ ಬದಲಾವಣೆ ಇಡೀ ಸ್ವಿಚ್‌ಗೆ ಅನ್ವಯ. ಮೆನುವಿನಲ್ಲಿ ಓಕೆ ಅನ್ನಲೂ ಝಡ್‌ಆರ್ ಒತ್ತಬೇಕಾಗುತ್ತದೆ, ಬೇರೆ ಆಟಗಳಲ್ಲೂ ಹಾಗೇ. ಮನೆಯಲ್ಲಿ ಇನ್ನೊಬ್ಬರು ಆಡುವುದಾದರೆ ಮೊದಲೇ ಹೇಳಿಡಿ.

ಟಿಲ್ಟ್ ಅನ್ನು, ಅಂದರೆ ಸ್ವಿಚ್ ಓರೆ ಮಾಡಿ ಗಾಡಿ ತಿರುಗಿಸುವುದನ್ನು, ಆಫ್ ಮಾಡಿಬಿಡಿ. ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿನಲ್ಲಿ ಕೂತು ಆಡಿ ನೋಡಿದ್ದೇನೆ. ಬಸ್ಸು ಎಡಕ್ಕೆ ವಾಲಿದರೆ ಕೈಯೂ ವಾಲುತ್ತದೆ, ಗಾಡಿ ಹಳ್ಳಕ್ಕೆ. ಮನೆಯಲ್ಲೂ ಮಣಿಕಟ್ಟಿಗೆ ಅದು ಸುಮ್ನೆ ಕೆಲಸ.

ಭಾರದ ಚಿಂತೆ ನಿಮಗೆ ಬೇಡ. ಲೈಟ್ ಸುಮಾರು 275 ಗ್ರಾಂ, ದೊಡ್ಡ ಸ್ವಿಚ್ 400 ಗ್ರಾಂ ಹತ್ತಿರ. ಆದರೂ ತೊಡೆ ಮೇಲೆ ದಿಂಬು ಇಟ್ಟು ಮೊಣಕೈ ಊರಿಕೊಳ್ಳಿ. ಕೈ ಗಾಳಿಯಲ್ಲಿದ್ದರೆ ಬೆರಳು ತಾನಾಗಿ ಬಿಗಿಯುತ್ತದೆ. ಆಟ ನಿಲ್ಲಿಸಿದ ಮೇಲೂ ನೋವು ಅಥವಾ ಮರಗಟ್ಟುವುದು ದಿನಗಟ್ಟಲೆ ಉಳಿದರೆ ಡಾಕ್ಟರಿಗೆ ತೋರಿಸಿ.

ಹೊಸ ಜೋಡಣೆಯಲ್ಲಿ ಮೊದಲು ಟೈಮ್ ಟ್ರಯಲ್ ಆಡಿ, ಅಲ್ಲಿ ಎದುರಾಳಿ ಇರುವುದಿಲ್ಲ. ಶುರುವಿನ 3, 2, 1 ಎಣಿಕೆಯಲ್ಲಿ ಪರದೆ ಮೇಲೆ 2 ಬಂದ ತಕ್ಷಣ ಝಡ್‌ಆರ್ ಹಿಡಿದರೆ ಶುರುವಿನ ಜಿಗಿತ ಸಿಗುತ್ತದೆ. ಎರಡು ದಿನ ಹಳೇ ನೆನಪಿಗೆ ಎ ಒತ್ತುತ್ತೀರಿ, ಗಾಡಿ ನಿಂತಲ್ಲೇ ನಿಂತಿರುತ್ತದೆ. ನನಗೆ ಮೂರನೇ ಸಂಜೆಗೆ ಕೈಗೆ ಕೂತಿತು.