ಮೋಸ್ಟ್, ದ ಮೋಸ್ಟ್, ಮೋಸ್ಟ್ಲಿ: ಓದುಗರು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ: ಮಗಳು ಪರೀಕ್ಷೇಲಿ 'ಮೋಸ್ಟ್ ಆಫ್ ಪೀಪಲ್' ಅಂತ ಬರೆದಿದ್ದಕ್ಕೆ ಮಾರ್ಕ್ಸ್ ಕಟ್ ಮಾಡಿದಾರೆ ಸರ್. ಮೋಸ್ಟ್ ಆದ್ಮೇಲೆ ಆಫ್ ಯಾವಾಗ ಬರುತ್ತೆ, ಅದಕ್ಕೆ ಮುಂಚೆ ದ ಯಾವಾಗ ಹಾಕ್ಬೇಕು?
– ಓದುಗರೊಬ್ಬರು, ಶಿರಸಿ

ಉತ್ತರ: ಟೀಚರ್ ಕಟ್ ಮಾಡಿದ್ದು ಸರಿಯಾಗೇ ಇದೆ. ಸುಮ್ನೆ ಲೋಕಾರೂಢಿಯಾಗಿ ಹೆಚ್ಚಿನ ಜನ ಅನ್ನೋದಾದ್ರೆ 'ಮೋಸ್ಟ್ ಪೀಪಲ್', ಅಷ್ಟೇ ಸಾಕು. ನಮ್ಮ ಬೀದಿಯವರು, ಈ ಕ್ಲಾಸಿನ ಮಕ್ಕಳು ಅಂತ ಗೊತ್ತಿರೋ ಒಂದು ಗುಂಪು ಇದ್ರೆ ಆಗ ಆಫ್ ಬರುತ್ತೆ, ಆಫ್ ಬಂದ್ರೆ ಅದರ ಬೆನ್ನಿಗೇ ದ, ಮೈ, ದೀಸ್ ಇಂಥದ್ದೊಂದೋ ಇಲ್ಲಾ ಅಸ್, ದೆಮ್ ಥರದ್ದೋ ಇರಬೇಕು: 'ಮೋಸ್ಟ್ ಆಫ್ ದ ಪೀಪಲ್ ಇನ್ ಅವರ್ ಸ್ಟ್ರೀಟ್', 'ಮೋಸ್ಟ್ ಆಫ್ ಅಸ್'. ಊರು, ರಾಜ್ಯದ ಹೆಸರಿಗೆ ದ ಬೇಡ, 'ಮೋಸ್ಟ್ ಆಫ್ ಕರ್ನಾಟಕ' ಅಂದ್ರೆ ಸರಿ.

ಇನ್ನು ದ ವಿಷಯ. ಇದನ್ನ ಎಲೆಕ್ಷನ್ ಇಟ್ಕೊಂಡು ನೋಡಿದ್ರೆ ಚೆನ್ನಾಗಿ ತಲೆಗೆ ಹೋಗುತ್ತೆ. ಮೂರು ಜನ ನಿಂತಿದಾರೆ, ನೂರು ವೋಟು ಬಿದ್ದಿದೆ, ಒಬ್ಬರಿಗೆ 38, ಇನ್ನೊಬ್ಬರಿಗೆ 34, ಮತ್ತೊಬ್ಬರಿಗೆ 28 ಅಂತಿಟ್ಕೊಳ್ಳಿ. 38 ತಗೊಂಡವರು ಗೆದ್ರು, ಅವರಿಗೆ 'ದ ಮೋಸ್ಟ್ ವೋಟ್ಸ್' ಬಂತು, ಅಂದ್ರೆ ಉಳಿದ ಒಬ್ಬೊಬ್ಬರಿಗಿಂತ ಜಾಸ್ತಿ. ಆದ್ರೆ ಅವರಿಗೆ 'ಮೋಸ್ಟ್ ಆಫ್ ದ ವೋಟ್ಸ್' ಬಂತು ಅಂತ ಬರೆದ್ರೆ ಅದು ತಪ್ಪು ಸುದ್ದಿ ಆಗಿಬಿಡುತ್ತೆ, ಯಾಕಂದ್ರೆ ಅದಕ್ಕೆ ಅರ್ಧಕ್ಕಿಂತ ಜಾಸ್ತಿ ಇರಬೇಕು, ಇಲ್ಲಿ 62 ವೋಟು ಅವರ ವಿರುದ್ಧಾನೇ ಬಿದ್ದಿದೆ. ನಮ್ಮ ವಿಧಾನಸಭೆ, ಲೋಕಸಭೆ ಚುನಾವಣೇಲಿ ಗೆಲ್ಲೋಕೆ ಮೊದಲನೇದು ಸಾಕು, ಎರಡನೇದು ಬೇಕಾಗೇ ಇಲ್ಲ. ಇಂಗ್ಲಿಷಲ್ಲಿ ವರದಿ ಬರೆಯೋರು ಇದನ್ನ ದಯವಿಟ್ಟು ಗಮನಿಸಿ, ಓದೋರಿಗೆ ಬಹುಮತದ ಲೆಕ್ಕಾನೇ ಉಲ್ಟಾ ಹೊಡೆಯುತ್ತೆ.

ಪ್ರಶ್ನೆ: ಫಾರಿನ್ ಕ್ಲೈಂಟ್‌ಗೆ 'ಐ ವಿಲ್ ಮೋಸ್ಟ್ಲಿ ಫಿನಿಶ್ ಇಟ್ ಟುಮಾರೋ' ಅಂದೆ, 'ಹಾಗಾದ್ರೆ ಉಳಿದಿದ್ದು ಯಾವಾಗ' ಅಂತ ಕೇಳಿದ್ರು. ನಾನೇನು ತಪ್ಪು ಹೇಳ್ದೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಾವು 'ಮೋಸ್ಟ್ಲಿ ನಾಳೆ ಬರ್ತೀನಿ', 'ಮೋಸ್ಟ್ಲಿ ಮಳೆ ಬರುತ್ತೆ' ಅಂತೀವಲ್ಲ, ಅಲ್ಲಿ ಮೋಸ್ಟ್ಲಿ ಅಂದ್ರೆ ಬಹುಶಃ. ಅವರ ಇಂಗ್ಲಿಷಲ್ಲಿ ಅದು ಬಹುಪಾಲು, ಮುಕ್ಕಾಲು ಮೂರುವೀಸ ಅನ್ನೋ ಥರ. ಹಾಗಾಗಿ ನಾಳೆ ಕೆಲಸ ಬಹುಪಾಲು ಮುಗಿಯುತ್ತೆ, ಸ್ವಲ್ಪ ಬಾಕಿ ಇರುತ್ತೆ ಅಂತ ಅವರು ತಿಳ್ಕೊಂಡಿದಾರೆ, ಆ ಪ್ರಶ್ನೆ ಬಂದಿದ್ದು ಅದಕ್ಕೇ. 'ಪ್ರಾಬಬ್ಲಿ' ಇಲ್ಲಾ 'ಮೋಸ್ಟ್ ಲೈಕ್ಲಿ' ಅನ್ನಿ. ಕನ್ನಡದಲ್ಲಿ ಮಾತಾಡೋವಾಗ ಮಾತ್ರ ಬಿಡೋದೇನೂ ಬೇಡ, ಅದೀಗ ನಮ್ಮದೇ ಮಾತಾಗಿ ಚಾಲ್ತೀಲಿದೆ, ಕೇಳೋರಿಗೂ ಗೊತ್ತಾಗುತ್ತೆ.

ಪ್ರಶ್ನೆ: 'ಮೋಸ್ಟ್ ಬೆಸ್ಟ್' ಅನ್ಬಹುದಾ? 'ಎ ಮೋಸ್ಟ್ ಯೂಸ್‌ಫುಲ್ ಬುಕ್' ಅಂತಾನೂ ಎಲ್ಲೋ ಓದ್ದೆ, ದ ಇರಬೇಕಿತ್ತಲ್ವಾ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಬೆಸ್ಟ್ ಅಂದ್ರೇನೇ ಎಲ್ಲಕ್ಕಿಂತ ಒಳ್ಳೇದು, ಅದರ ಮೇಲೆ ಮೋಸ್ಟ್ ಬೇಡ. ಸುಮಾರು 400 ವರ್ಷದ ಹಿಂದೆ ಇಂಗ್ಲಿಷಲ್ಲಿ ಹೀಗೆ ಜೋಡಿ ಹಾಕಿ ದೊಡ್ಡ ದೊಡ್ಡೋರೇ ಬರೀತಿದ್ರು, ಈಗ ಪರೀಕ್ಷೇಲಿ ಬರೆದ್ರೆ ತಪ್ಪು. ನಮ್ಮಲ್ಲಿ ಇದು ನಡೆಯುತ್ತೆ, ಸಂಸ್ಕೃತದ ಪ್ರಕಾರ ಉತ್ತಮದಲ್ಲೇ 'ತಮ' ಇದೆ, ಆದ್ರೂ ಅತ್ಯುತ್ತಮ ಅಂತೀವಿ, ಯಾರೂ ತಪ್ಪು ಅನ್ನಲ್ಲ.

'ಎ ಮೋಸ್ಟ್ ಯೂಸ್‌ಫುಲ್ ಬುಕ್' ಸರೀನೇ ಇದೆ. ಅಲ್ಲಿ ಹೋಲಿಕೆ ಇಲ್ಲ, ಮೋಸ್ಟ್ ಅಂದ್ರೆ ಬರೀ ವೆರಿ, ಬಹಳ ಉಪಯೋಗದ ಪುಸ್ತಕ ಅಂತ. ಸ್ವಲ್ಪ ಗತ್ತಿನ ಭಾಷೆ, ಭಾಷಣ, ಪತ್ರದಲ್ಲಿ ಚೆನ್ನಾಗಿರುತ್ತೆ, ಫ್ರೆಂಡ್ಸ್ ಜೊತೆ ಮಾತಾಡೋಕೆ ವೆರೀನೇ ವಾಸಿ. ಹಾಗೇ 'ಅಟ್ ಮೋಸ್ಟ್' ಕೂಡ ಕಲಿತಿಟ್ಕೊಳ್ಳಿ, ಅದು ನಮ್ಮ 'ಅಬ್ಬಬ್ಬಾ ಅಂದ್ರೆ': 'ಟೆನ್ ಮಿನಿಟ್ಸ್ ಅಟ್ ಮೋಸ್ಟ್', ಅಬ್ಬಬ್ಬಾ ಅಂದ್ರೆ ಹತ್ತು ನಿಮಿಷ.