ಪ್ರೋಟೀನ್ ಕಾಣದಿದ್ದರೆ ಕಾಯಿಲೆ ಬಿಗಡಾಯಿಸಿದೆ ಎಂದೇ?

ಮಾನ್ಯ ಓದುಗರೇ,

ದೊಡ್ಡಕರುಳಿನ ಕ್ಯಾನ್ಸರ್ ಕುರಿತ ನಮ್ಮ ಲೇಖನವನ್ನು ಓದಿ ನಿಮ್ಮ ಅಣ್ಣನವರ ಪೆಥಾಲಜಿ ವರದಿಯನ್ನು ಮತ್ತೆ ತೆರೆದಿರೆಂದೂ, ‘ಎರಡನೇ ಹಂತ, ಎಂಎಲ್‌ಎಚ್1, ಪಿಎಂಎಸ್2 ಕಂಡುಬಂದಿಲ್ಲ’ ಎಂಬ ಸಾಲು ನಿದ್ದೆಗೆಡಿಸಿತೆಂದೂ ಬರೆದಿದ್ದೀರಿ. ವೈದ್ಯರು ಕಿಮೋ ಬೇಡವೆಂದದ್ದು ಕೈಚೆಲ್ಲಿದ್ದರಿಂದಲೇ ಎಂದೂ ಕೇಳಿದ್ದೀರಿ. ಈ ಎರಡು ಪ್ರೋಟೀನುಗಳು ಇಲ್ಲದಿರುವುದಕ್ಕೆ ಬಳಸಿದ ‘ದುರಸ್ತಿ ದೋಷ’ ಎಂಬ ಮಾತನ್ನು ವಿವರಿಸದೆ ಬಿಟ್ಟದ್ದು ನಮ್ಮ ತಪ್ಪು. ದೋಷವೆಂದರೆ ಕೇಡೆಂದೇ ಯಾರೂ ಓದಿಕೊಳ್ಳುತ್ತಾರೆ.

ಗೆಡ್ಡೆಯ ತುಣುಕನ್ನು ಮೇಣದಲ್ಲಿ ಕೂರಿಸಿ, ಮೂರು-ನಾಲ್ಕು ಮೈಕ್ರಾನ್ ದಪ್ಪದ ಪದರಗಳಾಗಿ ಕೊಯ್ದು, ಹುಡುಕುತ್ತಿರುವ ಪ್ರೋಟೀನಿಗಷ್ಟೇ ಅಂಟುವ ಪ್ರತಿಕಾಯವನ್ನು ಹಾಕಿ ಬಣ್ಣ ಬರಿಸುತ್ತಾರೆ. ಪ್ರೋಟೀನ್ ಇದ್ದರೆ ನ್ಯೂಕ್ಲಿಯಸ್ ಕಂದು, ಇಲ್ಲದಿದ್ದರೆ ನೀಲಿ. ಗೆಡ್ಡೆಯ ನಡುವೆಯೇ ಇರುವ, ಕ್ಯಾನ್ಸರ್ ಅಲ್ಲದ ಬಿಳಿರಕ್ತಕಣಗಳಾದ ಲಿಂಫೋಸೈಟ್‌ಗಳು ಕಂದಾಗಿದ್ದು ಕ್ಯಾನ್ಸರ್ ಕೋಶಗಳು ನೀಲಿಯಾಗಿಯೇ ಉಳಿದರೆ ಮಾತ್ರ ‘ಇಲ್ಲ’ ಎನ್ನಬಹುದು. ಎರಡೂ ನೀಲಿಯಾದರೆ ಪರೀಕ್ಷೆಯೇ ಕೆಟ್ಟಿದೆಯೆಂದು ಮತ್ತೆ ಮಾಡಬೇಕಾಗುತ್ತದೆ. ಎಂಎಲ್‌ಎಚ್1 ಜೊತೆಗಿಲ್ಲದೆ ಪಿಎಂಎಸ್2 ಬಾಳುವುದಿಲ್ಲವಾದ್ದರಿಂದ ಅವೆರಡೂ ಸಾಮಾನ್ಯವಾಗಿ ಒಟ್ಟಿಗೇ ಕಾಣೆಯಾಗುತ್ತವೆ.

ಡಿಎನ್‌ಎ ನಕಲಾಗುವಾಗ ನುಸುಳುವ ತಪ್ಪುಗಳನ್ನು ತಿದ್ದುವುದು ಈ ಪ್ರೋಟೀನುಗಳ ಕೆಲಸ. ಅವು ಇಲ್ಲವಾದಾಗ ತಪ್ಪುಗಳು ರಾಶಿಬಿದ್ದು, ಕೋಶವು ವಿಕಾರವಾದ ಪ್ರೋಟೀನುಗಳನ್ನು ತಯಾರಿಸತೊಡಗುತ್ತದೆ. ರೋಗನಿರೋಧಕ ವ್ಯವಸ್ಥೆ ಅವನ್ನು ಪರಕೀಯವೆಂದು ಗುರುತಿಸಿ ಮುತ್ತಿಕೊಳ್ಳುತ್ತದೆ. ದೊಡ್ಡಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 15ರಷ್ಟು ಈ ಬಗೆಯವು, ಮತ್ತು ಎರಡನೇ ಹಂತದಲ್ಲಿ ಇವುಗಳ ಮುನ್ಸೂಚನೆ (ಕಾಯಿಲೆ ಮುಂದೆ ಹೇಗೆ ಸಾಗಬಹುದೆಂಬ ಅಂದಾಜು) ಉಳಿದವಕ್ಕಿಂತ ಒಳ್ಳೆಯದು. ಈ ಹಂತದಲ್ಲಿ ಫ್ಲೋರೋಯುರಾಸಿಲ್ ಎಂಬ ಕಿಮೋ ಔಷಧಿ ಒಂದನ್ನೇ ಕೊಡುವುದರಿಂದ ಇಂಥವರಿಗೆ ಪ್ರಯೋಜನ ಕಂಡುಬಂದಿಲ್ಲ. ನಿಮ್ಮ ವೈದ್ಯರು ಬೇಡವೆಂದದ್ದಕ್ಕೆ ಬಹುಶಃ ಇದೇ ಕಾರಣ, ಅವರನ್ನೇ ಕೇಳಿ ಖಚಿತಪಡಿಸಿಕೊಳ್ಳಿ. ಬೇರೆ ಅಂಗಗಳಿಗೆ ಹರಡಿದ ಮೇಲೆ ಲೆಕ್ಕ ಬದಲಾಗುತ್ತದೆ: ಆಗ ಇದನ್ನು ಶುಭಲಕ್ಷಣ ಎನ್ನಲಾಗದು, ಆದರೆ ರೋಗನಿರೋಧಕ ವ್ಯವಸ್ಥೆಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಇಮ್ಯುನೊಥೆರಪಿಗೆ ದಾರಿ ತೋರುವ ಗುರುತು ಇದೇ. 2020ರಲ್ಲಿ ಅಮೆರಿಕದಲ್ಲಿ ಇಂಥದೊಂದು ಔಷಧಿಯಾದ ಪೆಂಬ್ರೊಲಿಜುಮ್ಯಾಬ್‌ಗೆ ಮೊದಲ ಚಿಕಿತ್ಸೆಯಾಗಿಯೇ ಅನುಮತಿ ಸಿಕ್ಕಿದ್ದು ಇದರ ಆಧಾರದ ಮೇಲೆ.

ಗೆಡ್ಡೆಯಲ್ಲಿ ಹೀಗೆಯೇ ಬಣ್ಣ ಬರಿಸಿ ನೋಡುವ ಪಿ53, ಕೆಐ-67 ಎಂಬ ಬೇರೆರಡು ಪ್ರೋಟೀನುಗಳ ಬಗ್ಗೆಯೂ ಕೇಳಿದ್ದೀರಿ. ಅವುಗಳ ಕುರಿತ ಅಧ್ಯಯನಗಳು ಒಂದಕ್ಕೊಂದು ಹೊಂದುವುದಿಲ್ಲ. ಅವುಗಳ ಬದಲು, ಗೆಡ್ಡೆ ಕರುಳಿನ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ, ಕನಿಷ್ಠ 12 ದುಗ್ಧಗ್ರಂಥಿಗಳನ್ನಾದರೂ ಪರೀಕ್ಷಿಸಿದ್ದಾರೆಯೇ ಎಂಬುದನ್ನು ವರದಿಯಲ್ಲಿ ಮೊದಲು ನೋಡಿ.

ನೀವು ಕೇಳದೆ ಬಿಟ್ಟ ಪ್ರಶ್ನೆ ನಿಮಗೇ ಸಂಬಂಧಿಸಿದ್ದು. ಎಂಎಲ್‌ಎಚ್1 ಕಾಣೆಯಾಗುವುದು ಬಹುಪಾಲು ವಯಸ್ಸಾದವರಲ್ಲಿ ಆ ಜೀನ್ ಗೆಡ್ಡೆಯಲ್ಲಷ್ಟೇ ಮುಚ್ಚಿಹೋಗುವುದರಿಂದ. ಕೆಲವೊಮ್ಮೆ ಮಾತ್ರ ವಂಶಪಾರಂಪರ್ಯವಾಗಿ ಬರುವ, ಕ್ಯಾನ್ಸರ್ ಅಪಾಯ ಹೆಚ್ಚಿಸುವ ಲಿಂಚ್ ಸಿಂಡ್ರೋಮ್‌ನಿಂದ. ಗೆಡ್ಡೆಯಲ್ಲಿ ಬಿಆರ್‌ಎಎಫ್ ಎಂಬ ಜೀನಿನಲ್ಲಿ ವಿ600ಇ ಮಾರ್ಪಾಡು ಸಿಕ್ಕರೆ ಲಿಂಚ್ ಸಾಧ್ಯತೆ ತೀರಾ ಕಡಿಮೆ. ಆ ಪರೀಕ್ಷೆ ಆಗಿದೆಯೇ ಎಂದು ವಿಚಾರಿಸಿ. ಲಿಂಚ್ ಎಂದು ಖಚಿತವಾದರೆ ಒಡಹುಟ್ಟಿದವರಾದ ನೀವೂ ಜೀನ್ ಪರೀಕ್ಷೆ ಮಾಡಿಸಿಕೊಳ್ಳಬೇಕು, ನಿಮ್ಮಲ್ಲೂ ಅದು ಕಂಡುಬಂದರೆ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡಿಸಿಕೊಳ್ಳುತ್ತಿರಬೇಕಾಗುತ್ತದೆ.

— ಸಂಪಾದಕ