ಬನಿಯನ್ ಹೊಲಿಗೆಯಲ್ಲಿ ಕೂರೆ: ಮದ್ದು ಯಾವುದಕ್ಕೆ?

ಪ್ರಶ್ನೆ: ತೋಟದ ಮನೆಯಲ್ಲಿ ಒಬ್ಬರೇ ಇದ್ದ ಚಿಕ್ಕಪ್ಪನಿಗೆ ಕೈಲಾಗುತ್ತಿಲ್ಲವೆಂದು ನಮ್ಮ ಮನೆಗೆ ಕರೆತಂದಿದ್ದೇವೆ. ಅವರಿಗೆ ಸೊಂಟ, ಬೆನ್ನು ವಿಪರೀತ ಕೆರೆತ. ತಲೆಯಲ್ಲಿ ಒಂದೂ ಹೇನಿಲ್ಲ, ಬನಿಯನ್ ಹೊಲಿಗೆಯಲ್ಲಿ ಮಾತ್ರ ಬೂದು ಬಣ್ಣದ ಹುಳಗಳಿವೆ. ಹೇನಿನ ಶಾಂಪೂ ಮೈಗೆ ಹಚ್ಚಬಹುದಾ? ಮಕ್ಕಳ ತಲೆಗೆ ಹತ್ತುತ್ತಾ?
- ಓದುಗರು, ತಿಪಟೂರು

ಉತ್ತರ: ಶಾಂಪೂ ಸದ್ಯಕ್ಕೆ ಪಕ್ಕಕ್ಕಿಡಿ. ನೀವು ನೋಡಿದ್ದು ಕೂರೆ, ಅಂದರೆ ಬಟ್ಟೆ ಹೇನು. ನೋಡಲು ತಲೆಹೇನಿನಂತೆಯೇ, ಎಳ್ಳಿನಷ್ಟು ದಪ್ಪ. ಆದರೆ ವಾಸ ಬಟ್ಟೆಯಲ್ಲಿ. ದಿನಕ್ಕೆ ಹಲವು ಸಲ ಮೈಮೇಲೆ ಬಂದು ರಕ್ತ ಹೀರಿ ಮತ್ತೆ ಹೊಲಿಗೆಗೆ ಹೋಗಿ ಸೇರಿಕೊಳ್ಳುತ್ತದೆ. ಸೀರು ಅಂಟಿಸುವುದೂ ಅಲ್ಲೇ. ಬನಿಯನ್ ತಿರುವಿ ಕಂಕುಳ ಹೊಲಿಗೆ ನೋಡಿ, ಚಡ್ಡಿಯ ಲಾಡಿ ಪಟ್ಟಿ ಬಿಡಿಸಿ ನೋಡಿ, ಸಾಲಾಗಿ ಕಾಣುತ್ತವೆ. ಚಿಕ್ಕಪ್ಪನಿಗೆ ಸೊಂಟದಲ್ಲೇ ಕೆರೆತ ಜಾಸ್ತಿ ಇರುವುದು ಅದಕ್ಕೇ.

ಕೂರೆಗೆ ಹಾರಲು ಬರಲ್ಲ, ನೆಗೆಯಲು ಬರಲ್ಲ. ನಾಯಿ, ಬೆಕ್ಕಿನಿಂದಲೂ ಬರಲ್ಲ. ಇನ್ನೊಬ್ಬರ ಬಟ್ಟೆ, ಕಂಬಳಿ, ಒತ್ತಿ ಮಲಗುವ ಜಾಗ, ಇಷ್ಟರಿಂದಲೇ ಹತ್ತುತ್ತದೆ. ಹತ್ತಿದ ಮೇಲೆ ಉಳಿಯಬೇಕಾದರೆ ಅದೇ ಬಟ್ಟೆ ವಾರಗಟ್ಟಲೆ ಮೈಮೇಲಿರಬೇಕು. ಒಂಟಿ ಮುದುಕರು, ಬೀದಿಯಲ್ಲಿ ಮಲಗುವವರು, ನಿರಾಶ್ರಿತರ ಶಿಬಿರದವರು, ಯುದ್ಧದ ಸೈನಿಕರು ಇದಕ್ಕೆ ಸಿಗುವುದು ಹಾಗೆ. ಚಳಿಗಾಲದಲ್ಲಿ ಒಬ್ಬರೇ ನೀರು ಕಾಯಿಸಿ, ಬಟ್ಟೆ ಒಗೆದುಕೊಳ್ಳುವ ಶಕ್ತಿ ಚಿಕ್ಕಪ್ಪನಿಗೆಲ್ಲಿ? ದಯವಿಟ್ಟು ಅವರ ಮುಂದೆ ಮೂಗು ಮುಚ್ಚಿಕೊಳ್ಳಬೇಡಿ.

ಬಟ್ಟೆಯ ಮಹಿಮೆ ಕಂಡುಹಿಡಿದದ್ದು ಟ್ಯೂನಿಸ್‌ನಲ್ಲಿದ್ದ ಫ್ರೆಂಚ್ ವೈದ್ಯ ಚಾರ್ಲ್ಸ್ ನಿಕೋಲ್. ಟೈಫಸ್ ಜ್ವರದವರಿಂದ ಆಸ್ಪತ್ರೆ ಬಾಗಿಲವರೆಗೂ ರೋಗ ಹಬ್ಬುತ್ತಿತ್ತು. ಸ್ನಾನ ಮಾಡಿಸಿ, ಬಟ್ಟೆ ಬದಲಿಸಿ ವಾರ್ಡಿಗೆ ಕಳಿಸಿದ ಮೇಲೆ ಪಕ್ಕದ ಮಂಚದವರಿಗೂ ಬರುತ್ತಿರಲಿಲ್ಲ. ಆ ಜಾಡು ಹಿಡಿದು 1909ರಲ್ಲಿ ಹೇನೇ ಅಪರಾಧಿ ಎಂದು ತೋರಿಸಿದರು. 1928ರಲ್ಲಿ ನೊಬೆಲ್ ಬಂತು. ಹಾಗಂತ ಹೆದರಬೇಡಿ, ಕೂರೆ ಇದ್ದಲ್ಲೆಲ್ಲ ಟೈಫಸ್ ಇರಲ್ಲ. ಆ ಹೇನು ಮೊದಲು ರೋಗಿಯ ರಕ್ತ ಕುಡಿದಿರಬೇಕು. ಚಿಕ್ಕಪ್ಪನಿಗೆ ಜ್ವರ, ಜೋರು ತಲೆನೋವು ಬಂದರೆ ಮಾತ್ರ ತಡ ಮಾಡದೆ ಡಾಕ್ಟರಿಗೆ ತೋರಿಸಿ, ಕೂರೆ ವಿಷಯವನ್ನೂ ಹೇಳಿ.

ಈಗ ಕೆಲಸ. ಅವರಿಗೆ ಸೋಪು ಹಚ್ಚಿ ಸ್ನಾನ ಮಾಡಿಸಿ, ಒಗೆದ ಬಟ್ಟೆ ಕೊಡಿ. ಹಳೆಯದನ್ನೆಲ್ಲ ಹಂಡೆಗೆ ಹಾಕಿ ಕುದಿಸಿ. 54 ಡಿಗ್ರಿ ದಾಟಿದ ಬಿಸಿ ಸಾಕು, ತಣ್ಣೀರಲ್ಲಿ ಸುಮ್ನೆ ಜಾಲಿಸಿದರೆ ಪ್ರಯೋಜನವಿಲ್ಲ. ಒಣಗಿದ ಮೇಲೆ ಹೊಲಿಗೆ ಮೇಲೆ ಇಸ್ತ್ರಿ ಒತ್ತಿ ಎಳೆಯಿರಿ. ಕುದಿಸಲಾಗದ ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಇಡಿ. ರಕ್ತ ಸಿಗದ ಕೂರೆ ಸುಮಾರು ಒಂದು ವಾರದಲ್ಲೇ ಸಾಯುತ್ತದೆ.

ಮಕ್ಕಳ ತಲೆಯ ಚಿಂತೆ ಬೇಡ, ಕೂರೆ ಸಾಮಾನ್ಯವಾಗಿ ಅಲ್ಲಿ ಮನೆ ಮಾಡಲ್ಲ. ಆದರೆ ಇದೆಲ್ಲ ಮುಗಿಯುವವರೆಗೆ ತಾತನ ಹೊದಿಕೆಯೊಳಗೆ ನುಸುಳದಂತೆ ನೋಡಿಕೊಳ್ಳಿ. ಕೆರೆದು ಗಾಯವಾಗಿ ಕೀವು ಕಟ್ಟಿದ್ದರೆ ಅದಕ್ಕೆ ಬೇರೆ ಔಷಧಿ ಬೇಕು, ಚರ್ಮದ ಡಾಕ್ಟರಿಗೆ ತೋರಿಸಿ.